ಜಾಥಾ ಮುಗಿಯಿತು, ಎಷ್ಟು ಜೀವ ಉಳಿಯಿತು?



ಕಳೆದ ವರ್ಷ ನಮ್ಮ ಅಂತರಸನಹಳ್ಳಿ ಭಾಗದಲ್ಲಿ ಮಾದಕ ವಸ್ತುಗಳ ವಿರುದ್ಧ ಒಂದು ಜಾಥಾ ನಡೆಯಿತು. ನಾನೂ ಮುಂದಿನ ಸಾಲಿನಲ್ಲಿದ್ದೆ. ಬ್ಯಾನರ್ ಇತ್ತು, ಶಾಲಾ ಮಕ್ಕಳಿದ್ದರು, ಪ್ರತಿಜ್ಞೆ ಓದಿಸಿದರು, ನನ್ನ ಕೈಗೂ ಮೈಕ್ ಬಂತು. ಅದಾಗಿ ಎರಡು ತಿಂಗಳಿಗೆ, ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ಒಬ್ಬ ಹುಡುಗನ ಜನಾಜಾಕ್ಕೆ ಹೋದೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಮನೆಯವರು ಹೃದಯಾಘಾತ ಎಂದರು. ಬಂದವರೆಲ್ಲ ಹೌದೆಂದು ತಲೆಯಾಡಿಸಿದರು.

ಮೂರು ವಾರದ ಮೇಲೆ ಅವನ ತಾಯಿ ಬಿಪಿ ತೋರಿಸಲು ದವಾಖಾನೆಗೆ ಬಂದರು. ಪಟ್ಟಿ ಬಿಚ್ಚುವಾಗ ಮೆಲ್ಲಗೆ ಹೇಳಿದರು: "ಹಕೀಂ ಸಾಬ್, ಅವನು ವ್ಯಸನ ಬಿಡಿಸುವ ಕಡೆಯಿಂದ ಬಂದು ಹನ್ನೆರಡು ದಿನ ಆಗಿತ್ತು. ಅವತ್ತು ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಿದ್ದ. ಎಷ್ಟು ದಿನದ ಮೇಲೆ ಚೆನ್ನಾಗಿ ಮಲಗಿದ್ದಾನೆ ಅಂತ ನಾವೇ ಲೈಟ್ ಆರಿಸಿದೆವು." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನೀವೆಲ್ಲ ಜಾಥಾ ಮಾಡಿದಿರಲ್ಲ, ಅದರಿಂದ ಎಷ್ಟು ಮಕ್ಕಳು ಉಳಿದರು?"

ಅವರು ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದರು. ನನ್ನ ಬಳಿ ಉತ್ತರ ಇರಲಿಲ್ಲ. ಎಷ್ಟು ಜನ ನಡೆದರು, ಎಷ್ಟು ಕರಪತ್ರ ಹಂಚಿದೆವು, ಎಷ್ಟು ಸಹಿ ಬಿತ್ತು ಎಂಬುದು ಗೊತ್ತಿತ್ತು. ಉಳಿದವರ ಲೆಕ್ಕ ಯಾರೂ ಇಟ್ಟಿರಲಿಲ್ಲ. ಆ ಲೆಕ್ಕ ಇಡುವುದು ಹೇಗೆ ಎಂಬುದೇ ಈ ತಿಂಗಳ ಪಾಠ.

ಮೊದಲು ಆ ಗೊರಕೆಯ ಮಾತು ಹೇಳಬೇಕು, ಏಕೆಂದರೆ ಅದು ಗೊರಕೆಯಲ್ಲ. ಅಫೀಮು, ಹೆರಾಯಿನ್, ಮಾರ್ಫಿನ್, ಈಗ ನಮ್ಮ ಕಡೆ ಹುಡುಗರು ಪುಡಿ ಮಾಡಿ ಸೂಜಿಯಲ್ಲಿ ಏರಿಸಿಕೊಳ್ಳುವ ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆ, ಇವೆಲ್ಲ ಒಂದೇ ಕುಟುಂಬದವು. ಮೆದುಳಿನ ಬುಡದಲ್ಲಿ ಉಸಿರಾಟ ನಡೆಸುವ ಭಾಗವನ್ನು ಇವು ಮಂಕಾಗಿಸುತ್ತವೆ. ಪ್ರಮಾಣ ಮೀರಿದರೆ ಆ ಭಾಗ ಉಸಿರೆಳೆಯಲು ಹೇಳುವುದನ್ನೇ ಮರೆಯುತ್ತದೆ. ನಮ್ಮ ಯುನಾನಿ ಗ್ರಂಥಕಾರರು ಅಫೀಮನ್ನು ಮುಖದ್ದಿರ್, ಎಂದರೆ ಮರಗಟ್ಟಿಸುವ ದ್ರವ್ಯಗಳ ಗುಂಪಿಗೆ ಸೇರಿಸಿ, ಅದರ ಮಿಜಾಜನ್ನು ನಾಲ್ಕನೆಯ ದರ್ಜೆಯ ತಂಪು ಎಂದು ಬರೆದರು. ನಾಲ್ಕನೆಯ ದರ್ಜೆ ಎಂದರೆ ವಿಷದ ದರ್ಜೆ. ಬರ್ಶಾಶಾದಂಥ ಹಳೆಯ ಯೋಗಗಳಲ್ಲಿ ಅಫೀಮು ಇದ್ದರೂ ಅದನ್ನು ತೂಕ ನೋಡಿ, ಹೆದರಿಯೇ ಕೊಡುತ್ತಿದ್ದರು.

ಅಂಥವನ ಲಕ್ಷಣ ಹೀಗಿರುತ್ತದೆ: ಕರೆದರೆ, ಅಲುಗಾಡಿಸಿದರೆ ಏಳುವುದಿಲ್ಲ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ. ತುಟಿ, ಉಗುರು ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗುತ್ತವೆ. ಉಸಿರು ನಿಮಿಷಕ್ಕೆ ಐದಾರು ಸಲ ಮಾತ್ರ, ಗಂಟಲಲ್ಲಿ ನೀರು ಗುಳುಗುಟ್ಟಿದಂಥ ಗೊರಕೆ. ಇದಕ್ಕೆ ನಲೋಕ್ಸೋನ್ ಎಂಬ ಮದ್ದಿದೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಆಗಿ ಕೊಡುತ್ತಾರೆ, ಕೆಲವು ನಿಮಿಷಗಳಲ್ಲಿ ಉಸಿರು ಮರಳುತ್ತದೆ. ಆದರೆ ಅದರ ಬಲ ಅರ್ಧದಿಂದ ಒಂದೂವರೆ ಗಂಟೆಯಷ್ಟೇ. ಒಳಗಿನ ಮಾದಕ ಅದಕ್ಕಿಂತ ಹೆಚ್ಚು ಹೊತ್ತು ಉಳಿದರೆ ಮತ್ತೆ ಉಸಿರು ನಿಲ್ಲಬಹುದು, ಆದ್ದರಿಂದ ಎಚ್ಚರವಾದರೂ ಆಸ್ಪತ್ರೆಯಲ್ಲೇ ಇರಬೇಕು. ನಿದ್ರೆ ಮಾತ್ರೆ, ಮದ್ಯ, ವೈಟ್ನರ್, ಗಾಂಜಾ ಇವುಗಳ ಮೇಲೆ ನಲೋಕ್ಸೋನ್ ಕೆಲಸ ಮಾಡುವುದಿಲ್ಲ. ಯುನಾನಿಯಲ್ಲಿ ಇದಕ್ಕೆ ತುರ್ತು ಮದ್ದಿದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ನನ್ನ ದವಾಖಾನೆಗೆ ತಂದು ಹೊತ್ತು ಕಳೆಯಬೇಡಿ.

ಈಗ ಅಳತೆಯ ವಿಷಯ. ನಾವು ಸಾಮಾನ್ಯವಾಗಿ ಅಳೆಯುವುದು ನಮ್ಮ ದುಡಿಮೆಯನ್ನು, ಅದರ ಫಲವನ್ನಲ್ಲ. ಸರ್ಕಾರವೂ ಇದಕ್ಕೆ ಹೊರತಲ್ಲ. 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಶುರುವಾದ ನಶಾ ಮುಕ್ತ ಭಾರತ ಅಭಿಯಾನದ ವರದಿಗಳಲ್ಲಿ ಎಷ್ಟು ಕೋಟಿ ಜನರನ್ನು ತಲುಪಿದೆವು ಎಂಬ ಅಂಕಿಯೇ ಮೊದಲು ಬರುತ್ತದೆ. ತಲುಪುವುದು ಬೇಡವೆಂದಲ್ಲ. ಆದರೆ ತಲುಪಿದರೆ ಕೆಲಸವಾಯಿತು ಎಂದುಕೊಂಡವರಿಗೆ ಅಮೆರಿಕದ ಅನುಭವ ಹೇಳಬೇಕು. ಅಲ್ಲಿ ಪೊಲೀಸರು ಶಾಲೆಗೆ ಬಂದು ಪಾಠ ಹೇಳುವ 'ಡೇರ್' ಎಂಬ ಕಾರ್ಯಕ್ರಮ ದೇಶಾದ್ಯಂತ ನಡೆಯಿತು. ಮಕ್ಕಳಿಗೂ ತಂದೆತಾಯಿಗೂ ಅದು ಮೆಚ್ಚುಗೆಯಾಗಿತ್ತು. ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಮಾದಕ ಸೇವನೆಯ ಮೇಲೆ ಅದರ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. 1998ರಿಂದ 2004ರವರೆಗೆ ಟಿವಿ ಜಾಹೀರಾತಿಗೆ ನೂರು ಕೋಟಿ ಡಾಲರಿನ ಹತ್ತಿರ ಸುರಿದರು. ಹುಡುಗರು ಜಾಹೀರಾತನ್ನು ನೋಡಿದ್ದು ನಿಜ, ನೆನಪಿಟ್ಟದ್ದೂ ನಿಜ. ಸೇವನೆ ಮಾತ್ರ ಕಡಿಮೆಯಾಗಲಿಲ್ಲ.

ಹಾಗಾದರೆ ಸಾವನ್ನೇ ಎಣಿಸೋಣ ಎನ್ನುತ್ತೀರಿ. ಸರಿ, ಆದರೆ ಅಲ್ಲಿ ಎರಡು ಗುಂಡಿಗಳಿವೆ.

ಮೊದಲನೆಯದು ನಾವೇ ತೋಡಿದ್ದು. ಆ ಹುಡುಗನ ಸಾವು ಯಾವ ದಾಖಲೆಯಲ್ಲೂ ಓವರ್‌ಡೋಸ್ ಎಂದು ಬಂದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ 2022ಕ್ಕೆ ಇಡೀ ದೇಶದಲ್ಲಿ ಮಾದಕ ವಸ್ತುವಿನ ಅತಿಸೇವನೆಯಿಂದ ಸತ್ತವರು 681 ಜನ ಎಂದು ತೋರಿಸುತ್ತದೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಅಫೀಮು ಕುಟುಂಬದ ಮಾದಕಗಳಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರೇ ಸುಮಾರು 77 ಲಕ್ಷ. ಅಮೆರಿಕದಲ್ಲಿ ಅದೇ 2022ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಓವರ್‌ಡೋಸ್‌ನಿಂದ ಸತ್ತರು. ಅಲ್ಲಿನ ಮಾಲು ಹೆಚ್ಚು ಘೋರವಾದದ್ದು, ಒಪ್ಪೋಣ. ಆದರೂ 77 ಲಕ್ಷದಲ್ಲಿ 681 ಎಂಬುದನ್ನು ನಂಬಲು ನನ್ನಿಂದ ಆಗುವುದಿಲ್ಲ. ಮನೆಯವರು ಮಾನಕ್ಕೆ ಹೆದರುತ್ತಾರೆ, ಪೊಲೀಸರಿಗೆ ಹೆದರುತ್ತಾರೆ. ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ: ಮರಣೋತ್ತರ ಪರೀಕ್ಷೆ ಎಂದರೆ ದಫನ್ ತಡವಾಗುತ್ತದೆ, ಮಯ್ಯತ್‌ಗೆ ಕತ್ತರಿ ಬೀಳುತ್ತದೆ ಎಂಬ ಸಂಕಟ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಬರೆಯದ ಸಾವನ್ನು ತಡೆದೆವೋ ಇಲ್ಲವೋ ಎಂದು ಮುಂದೆ ಯಾರೂ ಹೇಳಲಾರರು.

ಎರಡನೆಯ ಗುಂಡಿ ಸಣ್ಣ ಅಂಕಿಗಳದ್ದು. ಒಂದು ಬಡಾವಣೆಯಲ್ಲಿ ಸರಾಸರಿ ವರ್ಷಕ್ಕೆ ಇಂಥ ಎರಡು ಸಾವು ಆಗುತ್ತವೆ ಎಂದುಕೊಳ್ಳಿ. ಯಾರೂ ಏನೂ ಮಾಡದಿದ್ದರೂ, ಬರಿಯ ಆಕಸ್ಮಿಕದಿಂದಲೇ ಸುಮಾರು ಏಳು ವರ್ಷಕ್ಕೊಮ್ಮೆ ಒಂದೂ ಸಾವಿಲ್ಲದ ವರ್ಷ ಬರುತ್ತದೆ. ಹಾಗೆಯೇ ಏಳು ವರ್ಷಕ್ಕೊಮ್ಮೆ ನಾಲ್ಕು ಅಥವಾ ಅದಕ್ಕೂ ಹೆಚ್ಚು ಸಾವಿನ ವರ್ಷವೂ ಬರುತ್ತದೆ. ನಾವು ಜಾಥಾ ಮಾಡುವುದು ಯಾವಾಗ? ನಾಲ್ಕು ಸತ್ತ ವರ್ಷ. ಮರುವರ್ಷ ತಾನಾಗಿಯೇ ಒಂದೋ ಎರಡೋ ಆಗುತ್ತದೆ, ನಾವು ಸನ್ಮಾನ ಮಾಡಿಸಿಕೊಳ್ಳುತ್ತೇವೆ. ವೈದ್ಯರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಜ್ವರ ನೂರಮೂರಕ್ಕೆ ಏರಿದ ದಿನವೇ ಜನ ನಮ್ಮಲ್ಲಿಗೆ ಬರುವುದು. ಮರುದಿನ ಇಳಿಯಲೇಬೇಕಿದ್ದ ಜ್ವರ ಇಳಿದರೆ ಹೆಸರು ನಮ್ಮ ಜೋಶಾಂದಾಕ್ಕೆ! ಹೀಗಾಗಿ ಒಂದು ಮೊಹಲ್ಲಾದ ಒಂದು ವರ್ಷದ ಸಾವಿನ ಲೆಕ್ಕದಿಂದ ಗೆದ್ದೆವೆಂದೂ ಹೇಳಬಾರದು, ಸೋತೆವೆಂದೂ ಹೇಳಬಾರದು. ಇಡೀ ಜಿಲ್ಲೆಯದ್ದು, ಮೂರು ನಾಲ್ಕು ವರ್ಷದ್ದು ಸೇರಿಸಿ, ಕೆಲಸ ನಡೆಯದ ಪಕ್ಕದ ಊರಿನೊಂದಿಗೆ ಹೋಲಿಸಿದರೆ ಮಾತ್ರ ಏನಾದರೂ ತಿಳಿದೀತು.

ಹಾಗೆ ಹೋಲಿಸಿದವರು ಇದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ 19 ಊರುಗಳಲ್ಲಿ ಸೇವನೆ ಮಾಡುವವರಿಗೆ, ಅವರ ಗೆಳೆಯರಿಗೆ, ಮನೆಯವರಿಗೆ ಓವರ್‌ಡೋಸ್ ಗುರುತಿಸುವುದನ್ನು ಕಲಿಸಿ ಕೈಗೆ ನಲೋಕ್ಸೋನ್ ಕೊಟ್ಟರು. 2006ರಿಂದ 2009ರವರೆಗೆ ಕಲಿತವರು 2,912 ಜನ. ಅವರು 327 ಸಲ ಒಬ್ಬರನ್ನು ಉಳಿಸಲು ಮದ್ದು ಬಳಸಿದ್ದನ್ನು ಹೇಳಿದರು. ಲೆಕ್ಕ ಅಲ್ಲಿಗೆ ನಿಲ್ಲಲಿಲ್ಲ. ಲಕ್ಷ ಜನಸಂಖ್ಯೆಗೆ ನೂರರವರೆಗೆ ಜನ ಕಲಿತ ಊರುಗಳಲ್ಲಿ, ಯಾರೂ ಕಲಿಯದ ಕಾಲ ಮತ್ತು ಊರಿಗೆ ಹೋಲಿಸಿದರೆ, ಸಾವಿನ ದರ ಶೇ. 27ರಷ್ಟು ಕಡಿಮೆ ಇತ್ತು. ನೂರಕ್ಕಿಂತ ಹೆಚ್ಚು ಕಲಿತಲ್ಲಿ ಶೇ. 46 ಕಡಿಮೆ. ಮದ್ದಿನ ಪ್ರಮಾಣ ಹೆಚ್ಚಿದಂತೆ ಗುಣವೂ ಹೆಚ್ಚಿದರೆ ಅದು ಮದ್ದಿನದೇ ಗುಣ ಎಂದು ವೈದ್ಯನಿಗೆ ಧೈರ್ಯ ಬರುತ್ತದೆ. 2013ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿತ್ತು. ಆಸ್ಪತ್ರೆಗೆ ಬರುವ ಓವರ್‌ಡೋಸ್ ಪ್ರಕರಣಗಳಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಸೇವನೆ ನಿಂತಿರಲಿಲ್ಲ, ಸಾಯುವುದು ಕಡಿಮೆಯಾಗಿತ್ತು. ಇವೆರಡನ್ನು ಬೇರೆ ಬೇರೆಯಾಗಿ ಅಳೆಯಬೇಕು. ನಮ್ಮ ಸಭೆಗಳಲ್ಲಿ "ಒಬ್ಬನಾದರೂ ಬಿಟ್ಟನೇ?" ಎಂದು ಮಾತ್ರ ಕೇಳುತ್ತಾರೆ. ಬಿಡಲು ಬದುಕಿರಬೇಕಲ್ಲ.

ಸ್ಕಾಟ್ಲೆಂಡಿನವರದು ಇನ್ನೂ ಜಾಣ ಅಳತೆ. ಜೈಲಿನಿಂದ ಹೊರಬಂದ ಮೊದಲ ನಾಲ್ಕು ವಾರದಲ್ಲಿ ಸಾವು ಹೆಚ್ಚೆಂದು ಅವರಿಗೆ ಗೊತ್ತಿತ್ತು. 2011ರಲ್ಲಿ ರಾಷ್ಟ್ರೀಯ ನಲೋಕ್ಸೋನ್ ಯೋಜನೆ ಶುರು ಮಾಡಿ, ಬಿಡುಗಡೆಯಾಗುವವರ ಕೈಗೂ ಮದ್ದು ಕೊಟ್ಟರು. ಅಫೀಮು ಕುಟುಂಬದ ಮಾದಕಗಳಿಂದಾದ ಒಟ್ಟು ಸಾವುಗಳಲ್ಲಿ ಈ ನಾಲ್ಕು ವಾರದ ಸಾವಿನ ಪಾಲು ಎಷ್ಟು ಎಂಬುದನ್ನೇ ಅಳತೆಗೋಲು ಮಾಡಿಕೊಂಡರು. 2006ರಿಂದ 2010ರವರೆಗೆ ಅದು ಶೇ. 9.8 ಇತ್ತು, 2011ರಿಂದ 2013ರವರೆಗೆ ಶೇ. 6.3ಕ್ಕೆ ಇಳಿಯಿತು. ಎಲ್ಲರನ್ನೂ ಎಣಿಸುವ ಬದಲು, ಎಲ್ಲಿ ಅಪಾಯ ಹೆಚ್ಚೋ ಅಲ್ಲಿಗೆ ಅಳತೆಪಟ್ಟಿ ಹಿಡಿದರು.

ಎಲ್ಲವೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. ಅಮೆರಿಕದ ನಾಲ್ಕು ರಾಜ್ಯಗಳ 67 ಸಮುದಾಯಗಳಲ್ಲಿ ಬಹಳ ದೊಡ್ಡ ಪ್ರಯೋಗವೊಂದು ನಡೆಯಿತು, ಫಲಿತಾಂಶ 2024ರಲ್ಲಿ ಬಂತು. ಒಂದು ಗುಂಪಿನ ಊರುಗಳಿಗೆ ಹಣ, ತರಬೇತಿ, ಮಾಹಿತಿ ಎಲ್ಲವನ್ನೂ ಕೊಟ್ಟರು, ಇನ್ನೊಂದು ಗುಂಪು ಕಾಯಿತು. ಹೋಲಿಕೆಯ ವರ್ಷದಲ್ಲಿ ಲಕ್ಷಕ್ಕೆ 47.2 ಸಾವು ಒಂದು ಕಡೆ, 51.7 ಇನ್ನೊಂದು ಕಡೆ. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು ಎಂದು ಅವರೇ ಬರೆದರು. ಯೋಜಿಸಿದ 615 ಕ್ರಮಗಳಲ್ಲಿ ಹೋಲಿಕೆಯ ವರ್ಷ ಶುರುವಾಗುವ ಹೊತ್ತಿಗೆ ಆರಂಭವಾಗಿದ್ದವು 235 ಮಾತ್ರ. ಸೋಲನ್ನು ಹೀಗೆ ಅಂಕಿಯೊಂದಿಗೆ ಒಪ್ಪಿಕೊಳ್ಳುವ ಧೈರ್ಯ ನನಗೆ ಬಹಳ ಹಿಡಿಸಿತು. ನಮ್ಮ ಜಾಥಾ ವರದಿಯಲ್ಲಿ 'ಯಶಸ್ವಿ' ಎಂಬ ಪದ ಕಾರ್ಯಕ್ರಮದ ಹಿಂದಿನ ದಿನವೇ ಟೈಪ್ ಆಗಿತ್ತು.

ಇಷ್ಟು ದೂರ ತಿರುಗಿ ಮೊಹಲ್ಲಾಕ್ಕೆ ಬರೋಣ. ಇಲ್ಲಿ ಮನೆಮನೆಗೆ ನಲೋಕ್ಸೋನ್ ಹಂಚುವ ವ್ಯವಸ್ಥೆ ಇಲ್ಲ. ವೈದ್ಯರ ಚೀಟಿ ಬೇಕಾದ ಇಂಜೆಕ್ಷನ್ ಅದು. ಹಾಗೆಂದು ನಾವು ಕೈಕಟ್ಟಿ ಕೂರಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಮಾದಕ ವಸ್ತು ಕಚೇರಿ ಸೇರಿ ಕಝಾಕಿಸ್ತಾನ್, ಕಿರ್ಗಿಸ್ತಾನ್, ತಾಜಿಕಿಸ್ತಾನ್, ಉಕ್ರೇನ್ ದೇಶಗಳಲ್ಲಿ 14 ಸಾವಿರಕ್ಕೂ ಹೆಚ್ಚು ಜನರಿಗೆ ತರಬೇತಿ ಕೊಟ್ಟವು. ಇದರಲ್ಲಿ ಮೂರು ನಮ್ಮವರೇ ಹೆಚ್ಚಾಗಿರುವ ದೇಶಗಳು. ಅವರ ಗುರಿ ಮೂರು ಮೆಟ್ಟಿಲಿನದು: ಓವರ್‌ಡೋಸ್ ಕಣ್ಣಾರೆ ನೋಡುವ ಸಂಭವವಿರುವವರಲ್ಲಿ ನೂರಕ್ಕೆ 90 ಜನ ಕಲಿಯಬೇಕು, ಕಲಿತವರಲ್ಲಿ 90 ಜನಕ್ಕೆ ಮದ್ದು ಸಿಗಬೇಕು, ಸಿಕ್ಕವರಲ್ಲಿ 90 ಜನರ ಬಳಿ ಅದು ಬೇಕಾದ ಹೊತ್ತಿಗೆ ಇರಬೇಕು. ಗಮನಿಸಿ, ಮೊದಲ ಮೆಟ್ಟಿಲಿನಲ್ಲಿರುವುದು 'ಸಾರ್ವಜನಿಕರು' ಅಲ್ಲ, 'ಕಣ್ಣಾರೆ ನೋಡುವವರು'. ನಮ್ಮ ಜಾಥಾದಲ್ಲಿ ಏಳನೆಯ ತರಗತಿಯ ಮಕ್ಕಳು ಸಾಲಾಗಿ ನಿಂತಿದ್ದರು. ಆ ಹುಡುಗನ ಜೊತೆ ಶೆಡ್ಡಿನಲ್ಲಿ ಕೂರುತ್ತಿದ್ದ ಮೂವರು ಇರಲಿಲ್ಲ. ಅವನ ತಾಯಿಯೂ ಇರಲಿಲ್ಲ. ಅವರನ್ನು ಕರೆಯಬೇಕೆಂದು ನನಗೂ ಹೊಳೆದಿರಲಿಲ್ಲ.

ಆದ್ದರಿಂದ ನಮ್ಮ ಮಸೀದಿ ಕಮಿಟಿಯ ಮುಂದೆ ನಾನು ಇಟ್ಟಿರುವುದು ಒಂದು ನೂರು ಪುಟದ ನೋಟ್‌ಬುಕ್ಕಿನ ಮಾತು. ಅದರಲ್ಲಿ ಯಾರ ಹೆಸರೂ ಇರಬಾರದು, ಮನೆ ನಂಬರ್ ಇರಬಾರದು. ಹೆಸರು ಬರೆದ ದಿನವೇ ಜನ ಸುಳ್ಳು ಹೇಳಲು ಶುರು ಮಾಡುತ್ತಾರೆ, ಅಲ್ಲಿಗೆ ಅಳತೆ ಮುಗಿಯಿತು. ಬರೀ ಗೆರೆ ಎಳೆಯಬೇಕು. ಸೇವನೆ ಮಾಡುವವರು, ಅವರ ಜೊತೆಗಾರರು, ತಾಯಂದಿರು, ಹೆಂಡತಿಯರು ಇವರಲ್ಲಿ ಎಷ್ಟು ಜನಕ್ಕೆ ಅಪಾಯದ ಲಕ್ಷಣ ಕಲಿಸಿದೆವು? ಮೂರು ತಿಂಗಳ ಮೇಲೆ ಮತ್ತೆ ಕೇಳಿದಾಗ ಅವರಲ್ಲಿ ಎಷ್ಟು ಜನಕ್ಕೆ ನೆನಪಿದೆ? ಯಾರಾದರೂ ಹಾಗೆ ಬಿದ್ದದ್ದನ್ನು ನೋಡಿದರೇ? ನೋಡಿದವರು 108ಕ್ಕೆ ಕರೆ ಮಾಡಿದರೇ, ಅಥವಾ ಓಡಿಹೋದರೇ? ಬಿದ್ದವನು ಉಳಿದನೇ? ಚಿಕಿತ್ಸೆಗೆ ಹೋದವರಲ್ಲಿ ಆರು ತಿಂಗಳ ಬಳಿಕವೂ ವೈದ್ಯರ ಬಳಿ ಹೋಗುತ್ತಿರುವವರು ಎಷ್ಟು? ಕೊನೆಯ ಈ ಪ್ರಶ್ನೆ ನನಗೆ ಬಹಳ ಮುಖ್ಯ. 'ಇಷ್ಟು ಜನರನ್ನು ದಾಖಲಿಸಿದೆವು' ಎಂಬುದು ಎಲ್ಲರೂ ಹೇಳುವ ಅಂಕಿ. ಬುಪ್ರೆನಾರ್ಫಿನ್‌ನಂಥ ಔಷಧಿಯಲ್ಲಿ ಗಟ್ಟಿಯಾಗಿ ನಿಂತವರ ಅಂಕಿಯೇ ಜೀವದ ಅಂಕಿ, ಏಕೆಂದರೆ ಸಾವಿನ ಅಪಾಯ ತಗ್ಗುವುದು ಆ ಔಷಧಿಯ ಮೇಲಿರುವ ತನಕ. ಬಿಟ್ಟ ಮೊದಲ ವಾರಗಳಲ್ಲಿ ಅಪಾಯ ಮೇಲೇರುತ್ತದೆ.

ಒಂದು ಎಚ್ಚರಿಕೆ. ಕೆಲಸ ಸರಿಯಾಗಿ ಶುರುವಾದರೆ ಮೊದಲ ವರ್ಷ ನೋಟ್‌ಬುಕ್ಕಿನಲ್ಲಿ ಪ್ರಕರಣಗಳು ಹೆಚ್ಚಾಗುತ್ತವೆ. 108ಕ್ಕೆ ಹೋಗುವ ಕರೆ ಹೆಚ್ಚುತ್ತದೆ, ಆಸ್ಪತ್ರೆಗೆ ಬರುವವರು ಹೆಚ್ಚುತ್ತಾರೆ. ಮುಚ್ಚಿಟ್ಟದ್ದು ಹೊರಬಂದದ್ದಕ್ಕೆ ಅದು ಗುರುತು. ಆಗ ಯಾರಾದರೂ ಎದ್ದು "ನಿಮ್ಮ ಕಾರ್ಯಕ್ರಮದಿಂದ ಮೊಹಲ್ಲಾದ ಹೆಸರು ಕೆಟ್ಟಿತು" ಎನ್ನುತ್ತಾರೆ. ನನ್ನ ಮಾತಿಗೆ ಈಗಾಗಲೇ ಒಬ್ಬ ಹಿರಿಯರು ಹಾಗೆ ಅಂದಾಗಿದೆ. ಅವರ ಮೇಲೆ ನನಗೆ ಕೋಪವಿಲ್ಲ, ಅವರಿಗೆ ಮದುವೆಯ ವಯಸ್ಸಿನ ಮೊಮ್ಮಕ್ಕಳಿದ್ದಾರೆ. ಆದರೆ ಅವರ ಮಾತಿನಂತೆ ನಡೆದರೆ ಆ ನೋಟ್‌ಬುಕ್ ಖಾಲಿ ಇರುತ್ತದೆ, ಖಬರಸ್ತಾನದ ಲೆಕ್ಕ ಮಾತ್ರ ನಡೆಯುತ್ತಿರುತ್ತದೆ.

ಪೊಲೀಸರ ಹೆದರಿಕೆಗೆ ಒಂದು ಮಾತು. ಮಾದಕ ವಸ್ತು ಕಾಯ್ದೆಯಲ್ಲೇ 64ಎ ಎಂಬ ಕಲಮು ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗಬಹುದು. ಮಾರುವವನಿಗೆ ಈ ಕಲಮು ಅನ್ವಯಿಸುವುದಿಲ್ಲ. ಸಲಹೆಗೆ ನಶಾ ಮುಕ್ತಿ ಸಹಾಯವಾಣಿ 14446 ಇದೆ, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416 ಇದೆ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿಗೆ ಹೋಗಬಲ್ಲವರಿಗೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ.

ಇನ್ನು ಮನೆಯಲ್ಲಿ ಈ ವಿಷಯ ಬಂದರೆ ಮಾಡಬೇಕಾದದ್ದು. ಹೆಸರು ಹಿಡಿದು ಜೋರಾಗಿ ಕರೆಯಿರಿ, ಎದೆಯ ನಡುಮೂಳೆಯನ್ನು ಬೆರಳಗೆಣ್ಣಿನಿಂದ ಒತ್ತಿ ಉಜ್ಜಿ. ಏಳದಿದ್ದರೆ 108ಕ್ಕೆ ಕರೆ ಮಾಡಿ, "ಏಳುತ್ತಿಲ್ಲ, ಉಸಿರು ನಿಲ್ಲುತ್ತಿದೆ" ಎಂದು ಹೇಳಿ, ಏನು ತೆಗೆದುಕೊಂಡಿದ್ದಾನೆಂದು ಗೊತ್ತಿದ್ದರೆ ಅದನ್ನೂ ಹೇಳಿ. ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಿ, ಮೂಗು ಮುಚ್ಚಿ, ಐದು ಸೆಕೆಂಡಿಗೊಮ್ಮೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಫೋನಿನಲ್ಲಿರುವವರು ಎದೆ ಒತ್ತಲು ಹೇಳಿದರೆ ಒತ್ತಿ. ತಾನಾಗಿ ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಗಂಟಲಿಗೆ ಹೋಗಬಾರದು. ನಿಂಬೆರಸ, ಮಜ್ಜಿಗೆ, ಕಾಫಿ, ಉಪ್ಪುನೀರು ಯಾವುದನ್ನೂ ಬಾಯಿಗೆ ಹಾಕಬೇಡಿ. ತಣ್ಣೀರು ಸುರಿಯಬೇಡಿ. ಒಂಟಿಯಾಗಿ ಬಿಟ್ಟು ಹೋಗಬೇಡಿ.

ಮತ್ತೆ ಆ ಹನ್ನೆರಡು ದಿನದ ವಿಷಯ. ಮಾದಕ ಬಿಟ್ಟ ಕೆಲವೇ ದಿನದಲ್ಲಿ ಮೈ ಅದನ್ನು ತಾಳುವ ಶಕ್ತಿ ಕಳೆದುಕೊಳ್ಳುತ್ತದೆ. ಮೊದಲು ನಾಲ್ಕು ಮಾತ್ರೆ ತಡೆಯುತ್ತಿದ್ದವನನ್ನು ಈಗ ಅದೇ ನಾಲ್ಕು ಕೊಲ್ಲಬಹುದು. ಕೇಂದ್ರದಿಂದ ಬಂದವನು, ಜೈಲಿನಿಂದ ಬಂದವನು, ಆಸ್ಪತ್ರೆಯಿಂದ ಬಂದವನು ಎಲ್ಲರಿಗೂ ಇದೇ. ನಾನು ಇನ್ನೂ ಒಂದು ಕಾಲ ಸೇರಿಸುತ್ತೇನೆ: ರಮಝಾನ್. ಆ ತಿಂಗಳು ಎಷ್ಟೋ ಹುಡುಗರು ನಿಜವಾದ ತೌಬಾ ಮಾಡಿ ನಿಲ್ಲಿಸುತ್ತಾರೆ. ಈದ್‌ನ ಮರುದಿನ ಗೆಳೆಯರು ಸಿಗುತ್ತಾರೆ, ಜೇಬಿನಲ್ಲಿ ಈದಿಯ ದುಡ್ಡಿರುತ್ತದೆ, ಹಳೆಯ ಪ್ರಮಾಣವನ್ನೇ ತೆಗೆದುಕೊಳ್ಳುತ್ತಾರೆ. ನಮ್ಮ ಮೊಹಲ್ಲಾದ ಸ್ಕಾಟ್ಲೆಂಡ್ ಅಳತೆ ಬೇಕೆಂದರೆ ನಾನು ಶವ್ವಾಲಿನ ಮೊದಲ ನಾಲ್ಕು ವಾರವನ್ನು ಆರಿಸುತ್ತೇನೆ. ಶಾಬಾನ್‌ನಲ್ಲೇ ಇಂಥ ಮನೆಗಳ ತಾಯಂದಿರಿಗೆ ಲಕ್ಷಣ ಕಲಿಸಿ, ಈದ್ ಕಳೆದ ಮೇಲೆ ಒಂದು ತಿಂಗಳು ಗೆರೆ ಎಳೆಯುತ್ತಾ ಹೋಗುವುದು, ಮೂರು ನಾಲ್ಕು ವರ್ಷ ಬಿಡದೆ.

ಮೊದಲ ಪಾಠಕ್ಕೆ ಆ ತಾಯಿಯನ್ನೇ ಕರೆದಿದ್ದೇನೆ. ಗೊರಕೆ ಎಂದರೆ ಹೇಗಿರುತ್ತದೆ ಎಂದು ಉಳಿದ ಹೆಂಗಸರಿಗೆ ತಾನೇ ಹೇಳುತ್ತೇನೆ, ಹಕೀಂ ಸಾಬ್ ಹೊರಗೆ ಕೂತಿರಲಿ ಎಂದಿದ್ದಾರೆ.